ಈ ಸಲ ಟ್ಯೂಬ್ ಕಳಿಸಿಲ್ಲ

ಮಂಗಳವಾರ, ಮಾರ್ಚ್ 4

ಪ್ರೀತಿಯ ಭಾವನಿಗೆ ನಮಸ್ಕಾರಗಳು.

ನೀವು ಮುಲಾಮಿಗೆ ಹೇಳಿ ಕಳಿಸಿ ಹದಿನೈದು ದಿನವಾಯಿತು. ತಡವಾದದ್ದಕ್ಕೆ ಬೈಯಬೇಡಿ. ನಿಮ್ಮ ಕಂಡಕ್ಟರ್ ಕೈಗೆ ಕೊಟ್ಟ ಪೊಟ್ಟಣವನ್ನು ಎಂದಿನಂತೆ ಹಳೇ ಪೇಪರಿನಲ್ಲೇ ಸುತ್ತಿದ್ದೇನೆ, ಆದರೆ ಒಳಗೆ ಟ್ಯೂಬ್ ಇಲ್ಲ, ಈ ಕಾಗದ ಇದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಯಲ್ಲಿ ಫೋನ್ ಎತ್ತುವುದು ಅಕ್ಕ. ಬಸ್ಸನ್ನು ಡಿಪೋದಲ್ಲಿ ಬಿಟ್ಟ ಮೇಲೆ ಒಬ್ಬರೇ ಕೂತು ಓದಿ.

ಮೊದಲು ನನ್ನ ಮಾನ ನಾನೇ ಹರಾಜು ಹಾಕಿಕೊಳ್ಳುತ್ತೇನೆ. ನಿಮಗೆ ಬಂದದ್ದೇ ನನಗೂ ಬಂತು. ತುದಿಯೆಲ್ಲ ಕೆಂಪು, ತುರಿಕೆ, ಮುಂದೊಗಲಿನ ಕೆಳಗೆ ಬಿಳಿ ಲೋಳೆ, ಉಚ್ಚೆ ಹೊಯ್ಯುವಾಗ ಪ್ರಾಣ ಹೋಗುವಷ್ಟು ಉರಿ. ಮೂವತ್ತು ವರ್ಷ ಔಷಧಿ ಅಂಗಡಿ ನಡೆಸಿದವನಿಗೆ ಗೊತ್ತಿಲ್ಲದ್ದೇನಿದೆ ಎಂಬ ಜಂಬ ಬೇರೆ. ನಿಮಗೆ ಕೊಡುತ್ತಿದ್ದ ಮುಲಾಮನ್ನೇ ಹಚ್ಚಿಕೊಂಡು, ದಿನಕ್ಕೆ ಮೂರು ಸಲ ಸೋಪು ಹಾಕಿ ತಿಕ್ಕಿ ತೊಳೆದೆ. ಎರಡು ದಿನ ಆರಾಮ, ಮೂರನೆಯ ದಿನ ಮೊದಲಿಗಿಂತ ಜೋರು. ಕೊನೆಗೆ ನಡೆಯಲಾಗದೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಬಾಗಿಲು ತೆರೆದರೆ ಕುರ್ಚಿಯಲ್ಲಿ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು! ಓಡಿಹೋಗೋಣವೆಂದರೆ ನಡೆಯುವುದಕ್ಕೇ ಆಗದ ಸ್ಥಿತಿ.

"ಸೋಪು ಹಾಕಿ ತಿಕ್ಕಿದ್ರಾ?" ಎಂದು ಕೇಳಿದರು.

"ಚೆನ್ನಾಗಿ ತಿಕ್ಕಿದ್ದೀನಿ ಡಾಕ್ಟ್ರೇ" ಎಂದೆ, ಶಭಾಷ್ ಅನ್ನುತ್ತಾರೆಂದುಕೊಂಡು.

"ಅದಕ್ಕೇ ಹೀಗೆ ಸುಲಿದುಹೋಗಿದೆ."

ಶಿಶ್ನದ ತುದಿಯ ಈ ಉರಿಯೂತಕ್ಕೆ ಬ್ಯಾಲನೈಟಿಸ್ ಎನ್ನುತ್ತಾರಂತೆ. ಕಾರಣ ಒಂದೇ ಅಲ್ಲ. ಫಂಗಸ್ ಇರಬಹುದು, ಸೋಪೇ ಇರಬಹುದು, ಒಳಗೆ ತೊಳೆಯದೆ ಬಿಟ್ಟ ಕೊಳೆ ಇರಬಹುದು, ಕೆಲವರಿಗೆ ಲೈಂಗಿಕ ಸೋಂಕು, ಕೆಲವರಿಗೆ ಚರ್ಮದ ಬೇರೆ ಕಾಯಿಲೆ. ನನ್ನ ರಕ್ತ ನೋಡಿದರೆ ಸಕ್ಕರೆ ಮುನ್ನೂರಿಪ್ಪತ್ತು. ಸಕ್ಕರೆ ಏರಿದವರಿಗೆ ಫಂಗಸ್ ಬೇಗ ಹಿಡಿಯುತ್ತದಂತೆ. ಸೋಪು ಬಿಡಿಸಿದರು. ಬರೀ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳುವುದು, ಫಂಗಸ್ಸಿಗೆ ಬೇರೆ ಮುಲಾಮು, ಸಕ್ಕರೆಗೆ ಮಾತ್ರೆ. ಹತ್ತು ದಿನದಲ್ಲಿ ನನಗೆ ವಾಸಿಯಾಯಿತು.

ಭಯ ಶುರುವಾದದ್ದು ಆಮೇಲೆ. ನಮ್ಮ ಟ್ಯೂಬನ್ನು ಅವರಿಗೆ ತೋರಿಸಿದೆ. "ಇದರಲ್ಲಿ ಸ್ಟೀರಾಯ್ಡ್ ಇದೆ. ಕೆಂಪನ್ನ ಅಡಗಿಸಿಬಿಡುತ್ತೆ, ಕಾಯಿಲೆ ಒಳಗೇ ಇರುತ್ತೆ" ಎಂದರು. ಎರಡು ವಾರದಲ್ಲಿ ಹೋಗದಿದ್ದರೆ ತೋರಿಸಲೇಬೇಕಂತೆ, ಅನುಮಾನ ಬಂದರೆ ಚೂರು ಚರ್ಮ ತೆಗೆದು ಪರೀಕ್ಷೆ ಮಾಡಿಸಬೇಕಂತೆ. ನಿಮಗೆ ಹನ್ನೊಂದು ತಿಂಗಳಾಯಿತು ಭಾವ. "ಡ್ರೈವರ್ ಸೀಟಿನ ಕಾವು ಕಣಯ್ಯಾ, ಅಕ್ಕನ ಹತ್ರ ಬಾಯಿ ಬಿಡಬೇಡ" ಎಂದಿರಿ, ನಾನು ಹೂಂ ಎಂದೆ. ನಾಚಿಕೊಂಡು ಬಂದವರ ಮುಖ ನೋಡದೆ, ಏನೂ ಕೇಳದೆ, ಪೇಪರಿನಲ್ಲಿ ಸುತ್ತಿ ಕೊಡುವುದೇ ದೊಡ್ಡ ಮರ್ಯಾದೆ ಎಂದು ನಾನು ನಂಬಿದ್ದವನು. ಈಗ ಗಿರಾಕಿ ದನಿ ತಗ್ಗಿಸಿದರೆ ಸಾಕು, ಟ್ಯೂಬ್ ತೆಗೆಯುವ ಮೊದಲು ಎಷ್ಟು ದಿನವಾಯಿತೆಂದು ಕೇಳಿಬಿಡುತ್ತೇನೆ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಅದೇ ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ರಜೆ ಹಾಕಿ ಬನ್ನಿ, ನಾನೂ ಅಂಗಡಿ ಮುಚ್ಚಿ ಜೊತೆಗೆ ಬರುತ್ತೇನೆ. ಅಕ್ಕನಿಗೂ ಹೇಳಿಬಿಡಿ. ಹೋದ ವಾರ ಫೋನ್ ಮಾಡಿ, "ನಿನ್ನ ಭಾವ ಬೇರೆ ಕೋಣೇಲಿ ಮಲಗ್ತಾರೆ ಕಣೋ, ನಾನೇನು ತಪ್ಪು ಮಾಡ್ದೆ?" ಎಂದು ಅತ್ತಳು. "ಡ್ಯೂಟಿ ಸುಸ್ತು ಅಕ್ಕಾ" ಎಂದು ಬಾಯಿಗೆ ಬಂದದ್ದು ಹೇಳಿ ಫೋನ್ ಇಟ್ಟೆ.

ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮನ್ನು ಹರಸುವ ವಯಸ್ಸು ನನ್ನದಲ್ಲ, ಆದರೂ ನೂರು ವರ್ಷ ಬಾಳಿ ಎಂದು ಬರೆಯುತ್ತಿದ್ದೇನೆ.

ನಿಮ್ಮ ಭಾವಮೈದುನ

ಮತ್ತೊಂದು ಮಾತು: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕಳೆದ ತಿಂಗಳು ನಿಮ್ಮ ಚೀಟಿಯಲ್ಲಿ, "ಈಗ ನೋವೇ ಇಲ್ಲ, ಒಂದು ಗಟ್ಟಿ ಗಂಟು ಮಾತ್ರ ಉಳಿದಿದೆ" ಎಂದಿತ್ತು. ನೋವಿಲ್ಲವೆಂದರೆ ವಾಸಿಯಾಗುತ್ತಿದೆ ಎಂದುಕೊಂಡು ಖುಷಿಯಿಂದ ಇನ್ನೊಂದು ಟ್ಯೂಬ್ ಕಳಿಸಿದೆ. ಯಾರದೋ ವಿಷಯ ಎಂಬಂತೆ ಡಾಕ್ಟರಿಗೆ ಹೇಳಿದಾಗ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ನೋವಿಲ್ಲದ ಗಂಟಿಗೇ ನಾವು ಹೆದರೋದು, ಕ್ಯಾನ್ಸರ್ ಇರಬಹುದು ಅಂತ. ಇಷ್ಟು ದಿನ ಅವರಿಗೆ ಔಷಧಿ ಕೊಟ್ಟೋರು ಯಾರು?" ಎಂದು ಕೇಳಿದರು. ಗೊತ್ತಿಲ್ಲ ಎಂದುಬಿಟ್ಟೆ, ಭಾವ.