ಗಿಟಾರ್ ಮಾರಲು ಹೋದವನು

ಅಂಗಡಿಯಿಂದ,
ನವೆಂಬರ್ ೧೩, ಬುಧವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ‘ಪ್ರೀತಿಯ ಸೊಸೆಗೆ’ ಎಂದು ಶುರು ಮಾಡಿದ್ದೆ. ಕೋರ್ಟಿನಿಂದ ಬಂದ ನೋಟಿಸಿನ ಹಾಗೆ ಕಂಡಿತು, ಹರಿದುಹಾಕಿ ಹೊಸ ಹಾಳೆ ತೆಗೆದುಕೊಂಡೆ. ನಿನ್ನ ಕೆಮ್ಮು ಪೂರ್ತಿ ಹೋಯಿತೇ? ಹವಾಮಾನ ಕಚೇರಿಯಲ್ಲಿ ಕೂತು ಊರಿಗೆಲ್ಲ ಮಳೆ ಬರುತ್ತೆ ಅಂತ ಹೇಳೋಳು ತಾನು ಮಾತ್ರ ಕೊಡೆ ಮರೆತು ನೆನೀತಾಳೆ ಎಂದು ನಿನ್ನ ಅತ್ತೆ ಗೊಣಗುತ್ತಿರುತ್ತಾಳೆ. ಬಿಸಿನೀರು ಕುಡಿ. ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಎಂದು ಬರೆದಿದ್ದೆಯಲ್ಲ, ಮನೆಯ ಯಜಮಾನಿಗೆ ಇನ್ನೊಮ್ಮೆ ಹೇಳು. ನೀನು ಹೇಳುವ ಧಾಟಿಯಲ್ಲಿ ಹೇಳಿದರೆ ಅದು ಬೇಡಿಕೆಯೋ ಕ್ಷಮಾಪಣೆಯೋ ಯಾರಿಗೂ ತಿಳಿಯುವುದಿಲ್ಲ.

ನಾವು ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆದರೆ ಸುಳ್ಳಲ್ಲ, ಚೆನ್ನಾಗಿಲ್ಲ ಎಂದರೂ ಸುಳ್ಳಲ್ಲ. ಬೆಳಗ್ಗೆ ಮೆಟ್ಟಿಲಿಳಿದು ಬಂದು ಕನ್ನಡಕದ ಅಂಗಡಿಯ ಬಾಗಿಲು ತೆಗೆಯುತ್ತೇನೆ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕಿ, ‘ಮೊದಲಿಂದು ಚೆನ್ನಾಗಿ ಕಾಣ್ಸುತ್ತಾ, ಇದಾ?’ ಎಂದು ಕೇಳುತ್ತೇನೆ. ನನ್ನನ್ನೇ ಯಾರಾದರೂ ಆ ಕುರ್ಚಿಯಲ್ಲಿ ಕೂರಿಸಿ ಕೇಳಿದ್ದರೆ, ಎರಡೂ ಒಂದೇ ಎಂದು ಹೇಳಿ ಎದ್ದು ಬರುತ್ತಿದ್ದೆ. ನಿನ್ನ ಅತ್ತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಬಟ್ಟೆ ನೋಡಿಕೊಂಡು ಬಂದು, ಮನೆಯಲ್ಲಿ ಮಡಿಸಿಟ್ಟ ಟವೆಲ್ಲುಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತಾಳೆ. ಇಬ್ಬರೂ ಅಳುವುದಿಲ್ಲ. ಮಗ ಹೋದ ದಿನವೂ ನಾನು ಅಳಲಿಲ್ಲ, ನೀನೇ ನೋಡಿದ್ದೀಯ. ಕೆಲಸದಿಂದ ಬಂದ ಮಗ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಒಂದು ಶೂ ಬಿಚ್ಚಿ, ಇನ್ನೊಂದರ ದಾರಕ್ಕೆ ಕೈ ಹಾಕಿದವನು ಹಾಗೆಯೇ ಪಕ್ಕಕ್ಕೆ ವಾಲಿದ. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದರು. ಬಂದವರೆಲ್ಲ ‘ಅತ್ತುಬಿಡಿ, ಹಗುರಾಗುತ್ತೆ’ ಅನ್ನುವವರೇ. ಭಾರ ಅನ್ನಿಸಿದರಲ್ಲವೇ ಹಗುರಾಗುವುದು? ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಚುಚ್ಚಿದಾಗ ತುಟಿ ಮರಗಟ್ಟುತ್ತದಲ್ಲ, ಮುಟ್ಟಿಕೊಂಡರೆ ಬೇರೆ ಯಾರದೋ ತುಟಿ ಮುಟ್ಟಿದ ಹಾಗೆ. ನನಗೆ ಅಡಿಯಿಂದ ಮುಡಿಯವರೆಗೆ ಹಾಗೆಯೇ ಇದೆ. ನೋವಿಲ್ಲ. ಅದರ ಚಿಂತೆಯೂ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಪತ್ರದಲ್ಲಿ ನೀನು ಬರೆದಿದ್ದೆ: ‘ಮಾವ, ಗಿಟಾರಿಗೆ ಹಚ್ಚುತ್ತಿದ್ದ ಆಂಪ್ ಪೆಟ್ಟಿಗೇನ ಹೊರಡೋ ಮುಂಚೆ ನಾನೇ ಮಾರಿ ಬಂದೆ. ಗಿಟಾರ್ ಒಂದು ಅಲ್ಲೇ ಉಳಿದುಬಿಟ್ಟಿದೆ. ಅದನ್ನೂ ಮಾರಿಬಿಡಿ. ನಾನಿನ್ನು ನುಡಿಸೋದಿಲ್ಲ.’ ಯಾಕೆ ಏನು ಎಂದು ನಾನು ಕೇಳಲಿಲ್ಲ. ಬೇಸರವೂ ಆಗಲಿಲ್ಲ. ಕಸದ ಡಬ್ಬಿ ಹೊರಗಿಡಿ ಎಂದರೆ ಇಡುವುದಿಲ್ಲವೇ, ಹಾಗೆ ನಿನ್ನೆ ಅಂಗಡಿಗೆ ರಜೆ ಇದ್ದದ್ದರಿಂದ, ನಿಮ್ಮ ಕೋಣೆಗೆ ಹೋಗಿ ಮಂಚದ ಕೆಳಗಿದ್ದ ಪೆಟ್ಟಿಗೆಯನ್ನು ಎಳೆದು, ಧೂಳು ಒರೆಸಿ, ಬಸ್ ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಪೆಟ್ಟಿಗೆ ನೋಡಿ, ‘ಅಂಕಲ್, ಎಲ್ಲಿ ನಿಮ್ಮ ಪ್ರೋಗ್ರಾಂ?’ ಅಂದಳು. ಈ ಹೊಟ್ಟೆ, ಈ ಬೋಳುತಲೆ, ಈ ಸ್ವೆಟರಿನಲ್ಲಿ ಆಕೆಗೆ ಯಾವ ರಾಕ್ ಹೀರೋ ಕಂಡನೋ! ‘ಮಾರೋಕೆ ತಗೊಂಡು ಹೋಗ್ತಿದ್ದೀನಮ್ಮ’ ಎಂದೆ. ಆಮೇಲೆ ಅವಳು ಇಳಿಯುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ, ಬೀಗದ ಕೈ ಮಾಡುವವನ ಪಕ್ಕದ ವಾದ್ಯಗಳ ಅಂಗಡಿ. ಮಾಲೀಕ ದಢೂತಿ ಮನುಷ್ಯ, ನೆಗಡಿ ಬೇರೆ, ಕನ್ನಡಕ ಒಂದು ಕಿವಿಯ ಕಡೆ ಜೋತುಬಿದ್ದಿತ್ತು. ಅದನ್ನು ನೋಡುತ್ತಾ ಅವನ ಮಾತು ಕೇಳುವುದೇ ನನಗೆ ಕಷ್ಟವಾಯಿತು. ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿದ. ‘ರೇಟ್ ಹೇಳೋಕೆ ಮುಂಚೆ ಒಂದ್ಸಲ ನುಡಿಸಿ ನೋಡ್ಬೇಕು ಯಜಮಾನ್ರೇ’ ಎಂದು, ಗಲ್ಲಾ ಪಕ್ಕದಲ್ಲಿದ್ದ ಪುಟ್ಟ ಪೆಟ್ಟಿಗೆಗೆ ವೈರು ಸಿಕ್ಕಿಸಿ ನುಡಿಸಿದ. ‘ಪರವಾಗಿಲ್ಲ, ಚೆನ್ನಾಗೇ ಇಟ್ಕೊಂಡಿದ್ದಾರೆ’ ಎಂದ. ಆಗಲೇ ಬೆಲೆ ಕೇಳಿ, ಕೊಟ್ಟದ್ದನ್ನು ಜೇಬಿಗೆ ಹಾಕಿಕೊಂಡು ಹೊರಟುಬಿಡಬಹುದಿತ್ತು. ನನ್ನ ಬಾಯಿಂದ ಮಾತ್ರ ‘ಅಲ್ಲ’ ಎಂದು ಬಂತು. ‘ಏನು ಅಲ್ಲ?’ ಎಂದ. ‘ಇದರ ದನಿ ಇದಲ್ಲ’ ಎಂದೆ.

ಅವನು ನಕ್ಕ. ಈ ಎಲೆಕ್ಟ್ರಿಕ್ ಗಿಟಾರಿಗೆ ತನ್ನದು ಅಂತ ದನಿ ಎಲ್ಲಿದೆ ಯಜಮಾನ್ರೇ, ತಂತಿ ಅಲ್ಲಾಡೋದಷ್ಟೇ ಇದರ ಕೆಲಸ, ಅದನ್ನ ದೊಡ್ಡದು ಮಾಡಿ ಮಾತಾಡೋದು ಆಂಪು ಎಂದ. ನಿಮ್ಮವರ ಹತ್ತಿರ ಯಾವ ಆಂಪ್ ಇತ್ತು ಎಂದು ಕೇಳಿದ. ನನಗೇನು ಗೊತ್ತು? ಕಪ್ಪಗಿತ್ತು, ಬೀರು ಇಡಬೇಕಾದ ಮೂಲೆಯನ್ನು ಹಿಡಿದುಕೊಂಡಿತ್ತು ಎಂದೆ. ಎಂಥ ಸಂಗೀತ ಎಂದಾಗ, ನೀನೊಮ್ಮೆ ಊಟಕ್ಕೆ ಕೂತಾಗ ನನಗೆ ಪಾಠ ಮಾಡಿದ್ದೆಯಲ್ಲ, ಅದನ್ನೇ ಒಪ್ಪಿಸಿದೆ: ಹಳೆಯ ಬ್ರಿಟಿಷ್ ರಾಕ್, ದನಿ ಒಡೆದಿರಬೇಕು ಆದರೆ ಚೂರಾಗಿರಬಾರದು. ಅವನಿಗೆ ಒಮ್ಮೆಲೇ ಹುರುಪು ಬಂತು. ಮೂಗು ಒರೆಸಿಕೊಂಡು ಎದ್ದು ನಿಂತ. ವ್ಯಾಪಾರ ಅಲ್ಲಿಗೇ ನಿಂತಿತು. ಕನ್ನಡಕದ ಅಂಗಡಿಯವನು ಕುರ್ಚಿಯಲ್ಲಿ ಕೂತ, ಗಿಟಾರ್ ಅಂಗಡಿಯವನು ಒಂದಾದ ಮೇಲೊಂದು ಪೆಟ್ಟಿಗೆಗೆ ವೈರು ಬದಲಾಯಿಸುತ್ತಾ, ‘ಮೊದಲಿಂದಾ, ಇದಾ?’ ಎಂದು ಕೇಳತೊಡಗಿದ.

ಒಂದು ಸಣ್ಣ ಡಿಜಿಟಲ್ ಪೆಟ್ಟಿಗೆ ಇತ್ತು. ಅದರೊಳಗೆ ಲೋಕದ ಆಂಪುಗಳೆಲ್ಲದರ ನಕಲು ಇದೆಯಂತೆ, ಗುಂಡಿ ಒತ್ತಿದರೆ ಬೇಕಾದ್ದು ಬರುತ್ತದೆ. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ‘ಇದಕ್ಕೆ ಹೆಡ್‌ಫೋನ್ ಹಾಕ್ಕೊಂಡ್ರೆ ಪಕ್ಕದ ರೂಮಿನೋರಿಗೆ ಗೊತ್ತೇ ಆಗಲ್ಲ’ ಎಂದ. ‘ಪಕ್ಕದ ರೂಮಿನೋನು ನಾನೇ’ ಎಂದೆ. ಇನ್ನೊಂದನ್ನು ಹಾಕಿದ. ಅದು ಮೆತ್ತಗೆ ನುಡಿಸಿದರೆ ಸ್ಟೀಲ್ ಲೋಟದ ಹಾಗೆ ಸ್ವಚ್ಛ, ಜೋರು ಮಾಡಿದರೆ ಡಬ್ಬದೊಳಗೆ ಸಿಕ್ಕಿಬಿದ್ದ ಜೇನುನೊಣ. ಕೊನೆಗೆ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಹಳೆಯದೊಂದನ್ನು ತೋರಿಸಿದ. ಅಗಲವಾದ ಸ್ಪೀಕರ್ ಪೆಟ್ಟಿಗೆ, ಅದರ ತಲೆಯ ಮೇಲೆ ಆಂಪು. ಹಿಂಬದಿಯಲ್ಲಿ ಗಾಜಿನ ಸೀಸೆಗಳಂಥ ವಾಲ್ವುಗಳು, ಸ್ವಿಚ್ ಹಾಕಿದ ಮೇಲೆ ನಿಧಾನಕ್ಕೆ ಕೆಂಪಗೆ ಬೆಳಗುತ್ತವೆ. ಬಿಸಿಯಾಗುವ ತನಕ ಕಾಯಬೇಕು. ಕಾದೆವು. ಆಮೇಲೆ ನುಡಿಸಿದ. ನನಗೆ ಅದೂ ತಿಳಿಯಲಿಲ್ಲ. ಹೌದೋ ಅಲ್ಲವೋ ಹೇಳಲು ಆಗಲಿಲ್ಲ.

ಯಾಕೆ ಎಂದು ಯೋಚಿಸಿದಾಗ ಹೊಳೆಯಿತು. ನೀನು ನುಡಿಸುವುದನ್ನು ನಾನು ಎದುರು ಕೂತು ಕೇಳಿದ್ದೇ ಇಲ್ಲ ಮಾರಾಯ್ತಿ! ನೀನು ನಿನ್ನ ಕೋಣೆಯಲ್ಲಿ, ನಾನು ಈಚೆ ನನ್ನ ಮಂಚದ ಮೇಲೆ ಗೋಡೆಗೆ ಒರಗಿ ಪೇಪರ್ ಓದುತ್ತಾ. ಮದುವೆಯಾಗಿ ಬಂದಾಗಿನಿಂದ ಹಾಗೆಯೇ. ನನಗೆ ಗೊತ್ತಿರುವುದು ಗೋಡೆ ದಾಟಿ ಬಂದ ದನಿ. ಅಂಗಡಿಯವನಿಗೆ ಹೇಳಿದೆ, ಹಿಂದಿನ ಗೋಡೌನಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ, ನೀವು ಇಲ್ಲಿ ನುಡಿಸಿ ಎಂದು. ಅವನು ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದ. ಪಾಪ, ಅವನ ಕನ್ನಡಕದಲ್ಲಿ ನಾನು ಸೊಟ್ಟಗೇ ಕಂಡಿರಬೇಕು. ಆದರೂ ಬೀಗ ತೆಗೆದುಕೊಟ್ಟ.

ಗೋಡೌನಿನಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳು, ಚರ್ಮ ಹರಿದ ಒಂದು ಡ್ರಮ್ಮು, ಒರೆಸುವ ಕೋಲು. ಗೋಡೆಗೆ ಒರಗಿ ನಿಂತೆ. ಆಚೆಯಿಂದ ‘ಶುರು ಮಾಡ್ಲಾ?’ ಎಂದು ಕೂಗಿದ. ಮಾಡಿದ. ದನಿಯನ್ನು ಒಡೆಯುವ ಗೇನ್ ಎಂಬ ಗುಂಡಿಯನ್ನು ಕೊನೆಯ ತನಕ ತಿರುಗಿಸಿಬಿಟ್ಟಿದ್ದ, ಮಿಕ್ಸಿಯೊಳಗೆ ಚಮಚ ಬಿದ್ದ ಹಾಗಾಯಿತು. ‘ಎಲ್ಲಾ ಮುದ್ದೆಯಾಗ್ತಿದೆ, ಅವಳು ನುಡಿಸಿದ್ರೆ ಅಷ್ಟು ಗಲಾಟೆಯಲ್ಲೂ ಒಂದೊಂದು ತಂತೀನೂ ಬೇರೆ ಕೇಳುತ್ತೆ’ ಎಂದು ಕೂಗಿದೆ. ಗೇನ್ ಇಳಿಸಿ, ವಾಲ್ಯೂಮ್ ಏರಿಸಿದ. ಹತ್ತಿರ ಬಂತು. ‘ಗಂಟಲು ಸಾಲದು’ ಎಂದೆ. ಅವನಿಗೆ ಅದು ಹೇಗೆ ಅರ್ಥವಾಯಿತೋ, ‘ಮಿಡ್ಡು, ಮಧ್ಯದ ಸ್ವರ ಕೇಳ್ತಿದ್ದಾರೆ’ ಎಂದು ತನಗೆ ತಾನೇ ಹೇಳಿಕೊಂಡು ಇನ್ನೊಂದು ಗುಂಡಿ ತಿರುಗಿಸಿದ. ಮತ್ತೆ ನುಡಿಸಿದ. ಬೆರಳು ಒರಟು, ಲಯ ಅಷ್ಟಕ್ಕಷ್ಟೇ. ಆದರೂ ಬೆನ್ನಿಗೆ ತಾಗಿದ ಗೋಡೆ ಗುಂಯ್‌ಗುಡತೊಡಗಿತು, ರಟ್ಟಿನ ಪೆಟ್ಟಿಗೆಗಳು ನಡುಗಿದವು. ಆಗ ನನ್ನ ಕೈ ತನ್ನಷ್ಟಕ್ಕೆ ತಾನೇ ಎದ್ದು ಗೋಡೆಗೆ ಎರಡು ಸಲ ಟಕ್ ಟಕ್ ಎಂದು ಬಡಿಯಿತು.

ನೆನಪಿದೆಯಲ್ಲ, ರಜೆಯ ದಿನ ಮಧ್ಯಾಹ್ನ ಕಣ್ಣು ಹತ್ತುವ ಹೊತ್ತಿಗೆ ನೀನು ಶುರು ಹಚ್ಚಿಕೊಂಡರೆ ನಾನು ಹೀಗೇ ಬಡಿಯುತ್ತಿದ್ದೆ. ನೀನು ತಗ್ಗಿಸಿದ ಹಾಗೆ ಮಾಡಿ, ನನಗೆ ಜೊಂಪು ಬರುವಷ್ಟರಲ್ಲಿ ಮತ್ತೆ ಏರಿಸುತ್ತಿದ್ದೆ. ಒಳಗೆ ನನ್ನ ಮಗ ನಗುವುದು ಕೇಳುತ್ತಿತ್ತು. ನಿನ್ನೆ ಬಡಿದದ್ದು ನಾನಾಗಿ ಬಡಿದದ್ದಲ್ಲ. ಅಂಗಡಿಯವನು ಗಾಬರಿಯಾಗಿ ನಿಲ್ಲಿಸಿದ. ‘ಏನಾಯ್ತು ಯಜಮಾನ್ರೇ, ಜೋರಾಯ್ತಾ?’ ನಾನು ನನ್ನ ಕೈಯನ್ನೇ ನೋಡುತ್ತಿದ್ದೆ. ‘ಇಲ್ಲ’ ಎಂದೆ. ‘ಜೋರೇನಿಲ್ಲ. ನಿಲ್ಲಿಸ್ಬೇಡಿ.’

ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ನಿನಗೆ ಸಮಾಧಾನವಾಗಬಹುದು. ಬರಲಿಲ್ಲ. ಬಂದದ್ದು ಕಿರಿಕಿರಿ. ಮಧ್ಯಾಹ್ನದ ನಿದ್ದೆ ಕೆಟ್ಟಾಗ ಬರುತ್ತದಲ್ಲ, ಅದೇ ಹಳೆಯ, ಮೈ ಪರಚಿಕೊಳ್ಳುವಂಥ ಕಿರಿಕಿರಿ. ಮಗ ಹೋದ ಮೇಲೆ ನನಗೆ ಯಾವುದರ ಮೇಲೂ ಸಿಟ್ಟು ಬಂದಿಲ್ಲ. ಗಿರಾಕಿಯೊಬ್ಬ ಹೊಸ ಫ್ರೇಮಿನ ಮೇಲೆ ಕೂತು ಮುರಿದು, ತನ್ನದೇನೂ ತಪ್ಪಿಲ್ಲ ಎಂದು ವಾದಿಸಿದಾಗಲೂ ಆಯಿತಪ್ಪ ಎಂದಿದ್ದೆ. ನಿನ್ನೆ ಮಾತ್ರ ಆ ಗೋಡೌನಿನಲ್ಲಿ ಸರಿಯಾಗಿ ರೇಗಿತು. ಸ್ವಲ್ಪ ಹೊತ್ತಿಗೆ ಹೋಯಿತು, ಮತ್ತೆ ಮೊದಲಿನಂತೆ ಎಲ್ಲ ಮಂಕು. ಆದರೆ ಬಂದಿತ್ತು. ಹೊರಗೆ ಬಂದು ‘ಇದೇ’ ಎಂದೆ.

ದುಡ್ಡು ಎಲ್ಲಿಂದ ಎಂದು ಕೇಳಬೇಡ, ಎಲ್ಲೂ ಕನ್ನ ಹಾಕಿಲ್ಲ. ಹೊರಡುವ ಮುಂಚೆ ತಡೆಯಲಾರದೆ ಅವನ ಕನ್ನಡಕ ಈಸಿಕೊಂಡು, ಕಡ್ಡಿಯನ್ನು ಬಿಸಿನೀರಿನಲ್ಲಿ ಅದ್ದಿ ಬಗ್ಗಿಸಿ ಸರಿಮಾಡಿ ಕೊಟ್ಟೆ. ಹಾಕಿಕೊಂಡು ಅತ್ತಿತ್ತ ನೋಡಿ, ‘ಇಷ್ಟು ದಿನ ಆ ಶೆಲ್ಫೇ ಸೊಟ್ಟ ಅಂದ್ಕೊಂಡಿದ್ದೆ’ ಎಂದ.

ಸಂಜೆ ಟೆಂಪೋದಲ್ಲಿ ಆಂಪ್ ಬಂತು. ನಿನ್ನ ಅತ್ತೆ ಟವೆಲ್ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ‘ಗಿಟಾರ್ ಮಾರೋಕೆ ಹೋದೋರು ಇದನ್ನ ಕೊಂಡ್ಕೊಂಡು ಬಂದ್ರಾ?’ ಎಂದಳು. ಹೌದು ಎಂದೆ. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ‘ಹಚ್ಚಿ ನೋಡೋಣ’ ಎಂದಳು. ನಮ್ಮಿಬ್ಬರಿಗೂ ನುಡಿಸಲು ಎಲ್ಲಿ ಬರುತ್ತದೆ? ಸುಮ್ಮನೆ ಸ್ವಿಚ್ ಹಾಕಿದೆ. ವಾಲ್ವು ಬೆಳಗಿದವು, ಹಂ ಎಂದು ಸಣ್ಣ ಸದ್ದು ಹೊರಟಿತು. ಅದರ ಮುಂದೆ ಎರಡು ಕುರ್ಚಿ ಹಾಕಿಕೊಂಡು ಚಹಾ ಕುಡಿದೆವು, ಯಾರೋ ನೆಂಟರು ಬಂದ ಹಾಗೆ. ನಿನ್ನ ಅತ್ತೆ ಎದ್ದು ಅದರ ನೆತ್ತಿಯ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವಾಗ ಇಡುತ್ತಾಳಲ್ಲ, ಹಾಗೆ. ‘ಬಿಸಿಯಾಗ್ತಿದೆ’ ಎಂದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ.

ನೀನು ಇಲ್ಲಿಗೆ ಬಂದು ನುಡಿಸಲಿ ಎಂದು ತಂದದ್ದಲ್ಲ. ನಿನ್ನ ಕೆಲಸ ಅಲ್ಲಿದೆ, ಅಲ್ಲೇ ಇರು. ಗಿಟಾರ್, ಆಂಪ್ ಎರಡನ್ನೂ ನಿನ್ನ ಕೋಣೆಗೇ ಕಳಿಸುತ್ತಿದ್ದೇನೆ. ಒಂದು ಸಲ ಎರಡನ್ನೂ ಸೇರಿಸಿ ನುಡಿಸಿ ನೋಡು. ಆಮೇಲೂ ಬೇಡ ಅನ್ನಿಸಿದರೆ ನಿನ್ನ ಕೈಯಾರೆ ಮಾರು, ನನ್ನ ಕೈಯಲ್ಲಿ ಆಗಲಿಲ್ಲ. ಗೇನ್ ಅರ್ಧಕ್ಕಿಂತ ಸ್ವಲ್ಪ ಕೆಳಗೆ, ಮಿಡ್ ಮುಕ್ಕಾಲಿಗೆ, ಗುಂಡಿಗಳ ಪಕ್ಕ ಅಂಗಡಿಯವನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟಿದ್ದಾನೆ. ಗಿರಾಕಿಯೊಬ್ಬರು ಬಂದು ನಿಂತಿದ್ದಾರೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ನಮ್ಮಿಬ್ಬರ ಕೈ ಸದಾ ನಿನ್ನ ತಲೆಯ ಮೇಲಿದೆ.

ಇಂತು,
ನಿನ್ನ ಮಾವ

ತಾ.ಕ.: ಪಾರ್ಸೆಲ್ ಲಾರಿಯವನು ಬೀದಿ ಬಾಗಿಲಿನ ತನಕ ಮಾತ್ರ ತಂದಿಳಿಸುತ್ತಾನಂತೆ, ಮೆಟ್ಟಿಲು ಹತ್ತಿಸುವುದು ನಿನ್ನ ಪಾಡು. ಹೆಣಭಾರ ಇದೆ, ಒಬ್ಬಳೇ ಎತ್ತಲು ಹೋಗಬೇಡ. ಇನ್ನೊಂದು ಬದಿಗೆ ಕೈ ಕೊಡುತ್ತೇನೆ ಎನ್ನುವವರು ಅಲ್ಲಿ ಯಾರಾದರೂ ಇದ್ದರೆ, ಇವತ್ತಲ್ಲದಿದ್ದರೆ ಮುಂದೆ ಎಂದಾದರೂ ಸಿಕ್ಕರೆ, ನಮ್ಮ ಮುಖ ನೆನೆದು ಬೇಡ ಎನ್ನಬೇಡ. ಬರೀ ಆಂಪಿನ ಮಾತಲ್ಲ ಇದು, ನಿನ್ನ ಬಾಳಿನ ಮಾತು. ನೀನು ಇನ್ನೊಂದು ಮದುವೆಯಾದರೂ ಈ ಮನೆಯ ಮಗಳೇ. ಇದನ್ನು ಬರೀರಿ ಎಂದು ಹೇಳಿದವಳು ನಿನ್ನ ಅತ್ತೆ. ನಾನು ಇದೊಂದನ್ನು ಬರೆಯಲಾಗದೆ, ಬೆಳಗ್ಗೆಯಿಂದ ಉಳಿದದ್ದನ್ನೆಲ್ಲ ಬರೆಯುತ್ತಾ ಕೂತಿದ್ದೆ.