ತತ್ತಿ ಸೈತ ಮುಟ್ಟದವರು

ಬೆಳಗಾವಿ

ಭಾವ ಗುರುಪುತ್ರಪ್ಪನವರಿಗೆ,

ಶರಣು. ಪದ್ಧತಿ ಇದೆ ಎಂದು ಬರೆದಿದ್ದೇನೆ, ಅಷ್ಟೇ.

ಎರಡನೆಯ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ್ದ ನಿಮ್ಮ ತಮ್ಮ ನಿನ್ನೆ ಮನೆಗೆ ಬಂದರು. ಉದ್ಯಮಬಾಗದ ಫೌಂಡ್ರಿ ಕೆಲಸ ಇನ್ನು ಆಗುವುದಿಲ್ಲವಂತೆ.

ಯುಗಾದಿಗೆ ನಾವು ನಿಮ್ಮೂರು ಪಾರಿಶ್ವಾಡಕ್ಕೆ ಬಂದಾಗ ನೀವು ಊಟಕ್ಕೆ ಕೂತು ಅವರಿಗೆ ಹೇಳಿದ್ದು ನನ್ನ ಕಿವಿಯಲ್ಲೇ ಇದೆ: “ಲಿಂಗಾ ಕಟ್ಟಿಕೊಂಡವ್ರು ನಾವು, ತತ್ತಿ ಸೈತ ಮುಟ್ಟಂಗಿಲ್ಲ. ನಮಗೆಲ್ಲಿಂದ ಬರಬೇಕು ಕೊಲೆಸ್ಟ್ರಾಲು? ಆ ಗುಳಿಗಿ ಒಗದುಬಿಡು.” ಹಾಗೆಂದು ಅವರ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಸುರಿದಿರಿ. ಅಣ್ಣನ ಮಾತೆಂದು ಅವರು, ಮೊದಲ ಆಘಾತದ ನಂತರ ಡಾಕ್ಟರು ಬರೆದುಕೊಟ್ಟಿದ್ದ ಆ ಗುಳಿಗೆಯನ್ನು ಅಂದೇ ಬಿಟ್ಟರು. ನಾನು ಬೇಡವೆಂದಾಗ ಇಬ್ಬರೂ ನಕ್ಕಿರಿ.

ನೋಡಲು ಬರಬೇಡಿ. ತುಪ್ಪದ ಡಬ್ಬಿಯನ್ನೂ ಕಳಿಸಬೇಡಿ.

ಇನ್ನೊಂದು ವಿಷಯ. ಹೇಳಲೇಬಾರದೆಂದಿದ್ದೆ. ಮಾವನವರೂ ಐವತ್ತಕ್ಕೇ ಎದೆನೋವಿನಿಂದ ಹೋದರೆಂದು ತಿಳಿದ ಡಾಕ್ಟರು, ಇದು ಊಟದಿಂದಷ್ಟೇ ಬಂದದ್ದಲ್ಲ, ಮನೆತನದಲ್ಲೇ ಇದೆ, ಒಡಹುಟ್ಟಿದವರೂ ರಕ್ತ ಪರೀಕ್ಷೆ ಮಾಡಿಸಬೇಕು ಎಂದರು. ಖಾನಾಪುರಕ್ಕೆ ಹೋಗಿ ಮಾಡಿಸಿರಿ. ಗುಳಿಗೆ ಬರೆದುಕೊಟ್ಟರೆ ತಪ್ಪದೆ ನುಂಗಿರಿ.

ಬಿಡು ಎಂದು ಹೇಳಲು ನಿಮಗೆ ಅಣ್ಣನಿಲ್ಲ.

ನಿಮ್ಮ ತಮ್ಮನ ಹೆಂಡತಿ,
ಪದ್ಮಶ್ರೀ