ಸುಳಿಯಲ್ಲಿ ಮೂರು ಸುತ್ತು

ಮೊಸ್ಕೆನೆಸ್, ಲೊಫೊಟೆನ್
ಮೇ ೧೧, ೧೯೮೧

ಪ್ರೀತಿಯ ಅಮ್ಮ,

ಸೊಂಟದ ನೋವು ಹೇಗಿದೆ? ಆಸ್ಪತ್ರೆಯ ಮೀನಿನ ಸಾರಿನಲ್ಲಿ ಉಪ್ಪಿಲ್ಲವೆಂದು ದಾದಿಯರ ಜೊತೆ ಜಗಳ ಕಾಯುತ್ತಿದ್ದೀಯಂತೆ. ಹಾಗಾದರೆ ಗುಣವಾಗುತ್ತಿದ್ದೀ ಎಂದೇ ಅರ್ಥ. ಇಲ್ಲಿ ಎಲ್ಲ ಕ್ಷೇಮ, ದೋಣಿಗೂ ಏನೂ ಆಗಿಲ್ಲ. ಹೋದ ವರ್ಷ ವಸಂತದಲ್ಲಿ ಹಕ್ಕಿ ಬಡಿದು ಒಡೆದ ಮೇಲೆ ನೀನು ಹಾಕಿಸಿದ ಅದರ ಕಿಟಕಿಯ ಗಾಜು ಕೂಡ ಗಟ್ಟಿಯಾಗಿದೆ.

ಇಷ್ಟೇ ಬರೆದು ಮುಗಿಸೋಣ ಎಂದುಕೊಂಡಿದ್ದೆ. ಆದರೆ ಪೆಡರ್ ಮಾವ ದಡದಲ್ಲಿ ದುರ್ಬೀನು ಹಿಡಿದು ನಿಂತಿದ್ದ. ಅವನು ಊರಿಗೆಲ್ಲ ಡಂಗುರ ಸಾರುವ ಮೊದಲು ನಾನೇ ಹೇಳಿಬಿಡುತ್ತೇನೆ.

ಶನಿವಾರ ಬೆಳಿಗ್ಗೆ ಒಬ್ಬಳೇ ದೋಣಿ ತೆಗೆದುಕೊಂಡು, ಸುಳಿಯೇಳುವ ಆ ಕಡಲ ಸೆಳೆತಕ್ಕೆ ಮೀನು ಹಿಡಿಯಲು ಹೋದೆ. ಸೆಳೆತ ಅಡಗಿ ನೀರು ನಿಲ್ಲುವುದು ಒಂಬತ್ತಕ್ಕೆ ಎಂದು ಉಬ್ಬರವಿಳಿತದ ಪಟ್ಟಿಯಲ್ಲಿತ್ತು. ನಾನೂ ಒಂಬತ್ತಕ್ಕೆ ಸರಿಯಾಗಿ ಅಲ್ಲಿದ್ದೆ. ಪಟ್ಟಿಯನ್ನು ಚಳಿಗಾಲದ ಗಂಟೆಯಲ್ಲಿ ಅಚ್ಚು ಹಾಕುತ್ತಾರೆ, ಬೇಸಿಗೆಯಲ್ಲಿ ಸರಕಾರ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತದೆ, ಅದಕ್ಕೇ ಪಟ್ಟಿಯ ಹೊತ್ತಿಗೆ ಒಂದು ಗಂಟೆ ಕೂಡಿಸಬೇಕು. ಮರೆತೆ, ಅಮ್ಮ. ಶುದ್ಧ ಪೆದ್ದಿ ನಾನು!

ಮೊದಲು ಸದ್ದು ಕೇಳಿಸಿತು. ಆಮೇಲೆ ನೋಡಿದರೆ ಕಡಲಿನ ನಡುವೆಯೇ ನೀರು ಮೆಟ್ಟಿಲಿಳಿದು ಓಡುತ್ತಿದೆ! ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಸುಳಿ ದೋಣಿಯನ್ನು ಎಳೆದುಕೊಂಡಿತ್ತು. ನಡುವೆ ನಮ್ಮ ಹಿಟ್ಟಿನ ಬೋಗುಣಿಯಂಥ ತಗ್ಗು, ಅಂಚಿನಲ್ಲಿ ನಾನು. ಜೀವ ಬಾಯಿಗೆ ಬಂತು. ಆದರೂ ನಿಜ ಹೇಳಲೇ? ಅಷ್ಟು ಚೆಂದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಹಸಿರು ಗಾಜಿನಂಥ ನೀರು, ಅದರ ಮೇಲೆ ಕೂತು ಒಂದು ಸುತ್ತು ಹೊಡೆದು, ಹಾರಿ ಬಂದು ಮತ್ತೆ ಕೂರುವ ಕಡಲಹಕ್ಕಿಗಳು. ಅವಕ್ಕೆ ಅದು ಆಟ.

ಆಗ ನಿನ್ನ ಮಾತು ನೆನಪಾಯಿತು: "ಸುಳಿ ಜೊತೆ ಜಗಳ ಆಡ್ಬೇಡ ಕಣೇ. ಅದು ಕರೆದ ಕಡೆ ಹೋಗು, ಅದಕ್ಕೇ ಬೇಜಾರಾಗಿ ಬಿಡತ್ತೆ." ಎಂಜಿನ್ ತಗ್ಗಿಸಿದೆ, ದೋಣಿಯ ಮೂತಿಯನ್ನು ಸುತ್ತಿನ ಜೊತೆಗೇ ತಿರುಗಿಸಿದೆ. ಒಂದು ಸುತ್ತು, ಎರಡು, ಮೂರು. ಮೂರನೆಯದರಲ್ಲಿ ಅಂಚಿನ ಹಿಡಿತ ಸಡಿಲವಾಯಿತು, ಪೂರ್ತಿ ವೇಗ ಕೊಟ್ಟು ಹೊರಬಿದ್ದೆ. ಹತ್ತಕ್ಕೆ ಸರಿಯಾಗಿ ಅದೇ ನೀರು ಏನೂ ಗೊತ್ತಿಲ್ಲದ ಹಾಗೆ ಮಲಗಿತ್ತು. ಗಾಳ ಬಿಟ್ಟೆ, ಎರಡು ದೊಡ್ಡ ಕಾಡ್ ಮೀನು ಸಿಕ್ಕಿದವು. ಇಂಥ ನೀರಿನಲ್ಲಿ ಮೂವತ್ತು ವರ್ಷ ದೋಣಿ ನಡೆಸಿದೆಯಲ್ಲ, ನಿನಗೊಂದು ದೊಡ್ಡ ನಮಸ್ಕಾರ ತಾಯಿ.

ದಡಕ್ಕೆ ಬಂದಾಗ ಪೆಡರ್ ಮಾವ, "ಏನೇ ದಾಗ್ನಿ, ಸುಳಿ ಜೊತೆ ಕುಣಿಯೋಕ್ ಹೋಗಿದ್ಯಾ? ದೋಣಿಗೆ ಯಾವ ಬಣ್ಣ ಹೊಡೀಲಿ ಅಂತ ಆಗ್ಲೇ ಯೋಚಿಸ್ತಿದೀನಿ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆಸ್ಪತ್ರೆಗೆ ಹೊರಡುವಾಗ ನೀನು ಅವನೆದುರೇ ಹೇಳಿದ್ದೆಯಲ್ಲ: "ಹೊತ್ತು ತಪ್ಪಿ ಸೆಳೆತಕ್ಕೆ ಇಳಿದ್ರೆ ಕೀಲಿ ನನಗೆ ವಾಪಸ್, ದೋಣಿ ಪೆಡರ್‌ಗೆ." ನನಗೆ ಆ ದೋಣಿ ಬಿಟ್ಟು ಬೇರೇನೂ ಬೇಡ ಅಮ್ಮ, ಅದು ನಿನಗೂ ಗೊತ್ತು. ಆದರೂ ಮಾತು ಮಾತೇ. ಕೀಲಿಯನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ.

ನಿನ್ನ ಪೆದ್ದು ಮಗಳು,
ದಾಗ್ನಿ

ತಾ.ಕ.: ಲಕೋಟೆಯಲ್ಲಿ ಕೀಲಿ ಹುಡುಕಬೇಡ. ಅದನ್ನು ಸುತ್ತಲು ಕಾಗದ ಬೇಕೆಂದು ನಿನ್ನ ಡಬ್ಬದಿಂದ ಹೋದ ವರ್ಷದ ಪಟ್ಟಿ ತೆಗೆದೆ. ಏಪ್ರಿಲ್ ಎಂಟರ ಎದುರು ನಿನ್ನದೇ ಅಕ್ಷರ: "ಒಂದು ಗಂಟೆ ಕೂಡಿಸಲು ಮರೆತೆ. ನಾಲ್ಕು ಸುತ್ತು. ಗಾಜು ಹೋಯಿತು." ಹಕ್ಕಿ ಬಡಿಯಿತಂತೆ, ಹಕ್ಕಿ! ನನ್ನದು ಮೂರೇ ಸುತ್ತು ಅಮ್ಮ, ಗಾಜೂ ಉಳಿದಿದೆ. ಪೆಡರ್ ಮಾವನಿಗೆ ನೀನೇ ಬರೆಯುತ್ತೀಯೋ, ಆ ಹಾಳೆಯನ್ನು ನಾನೇ ತೋರಿಸಲೋ?